ರಿವರ್ಸ್ ಗೇರಿನ ಸಂಗೀತ ಕಛೇರಿ

ನಮ್ಮ ಕಡೆ ಕಾರು ಮುಂದಕ್ಕೆ ಹೋದರೆ ಯಾರಿಗೂ ಗೊತ್ತಾಗೋದಿಲ್ಲ, ಹಿಂದಕ್ಕೆ ಹೋದರೆ ಮಾತ್ರ ಇಡೀ ಬೀದಿಗೆ ಗೊತ್ತಾಗುತ್ತೆ. ರಿವರ್ಸ್ ಗೇರ್ ಬಿದ್ದಿದ್ದೇ ತಡ, ಹಿಂದಿನ ಬಂಪರ್ ಅಡಿಯಿಂದ ಶುರುವಾಗುತ್ತೆ ನೋಡಿ ಸಂಗೀತ! ಒಂದು ಗಾಡಿಗೆ ಜುಲೈ ತಿಂಗಳಲ್ಲೂ ಕ್ರಿಸ್‌ಮಸ್ಸು, ಇನ್ನೊಂದಕ್ಕೆ ದಿನಾ ಹುಟ್ಟುಹಬ್ಬ, ಮತ್ತೊಂದಕ್ಕೆ ವರ್ಷಪೂರ್ತಿ ಸ್ವಾತಂತ್ರ್ಯೋತ್ಸವ. ಪಾಪ, ಬೀಥೋವನ್ 1810ರಲ್ಲಿ ಪಿಯಾನೋಗೆ ಅಂತ ಬರೆದ ಒಂದು ಪುಟ್ಟ ರಾಗ ಬೆಂಗಳೂರಿನ ಗಲ್ಲಿಗಳಲ್ಲಿ ಎಷ್ಟು ಸಾವಿರ ಸಲ ಚರಂಡಿ ಪಕ್ಕ ಹಿಂದೆ ಹಿಂದೆ ಸರಿದಿದೆಯೋ, ಲೆಕ್ಕ ಇಟ್ಟವರಿಲ್ಲ.

ಹದಿನೈದಿಪ್ಪತ್ತು ವರ್ಷದ ಹಿಂದೆ ಇದ್ದಷ್ಟು ಈಗ ಇಲ್ಲ, ನಿಜ. ಹೊಸ ಕಾರುಗಳಲ್ಲಿ ಸೆನ್ಸರ್ ಬಂದಿದೆ, ಕ್ಯಾಮೆರಾ ಬಂದಿದೆ. ಆದರೆ ಹಳೇ ಕಾರು, ಟ್ಯಾಕ್ಸಿ, ಗೂಡ್ಸ್ ಗಾಡಿಗಳ ಹಿಂದೆ ಈ ಕಛೇರಿ ಇನ್ನೂ ನಡೀತಾನೇ ಇದೆ. ಹೋದ ವರ್ಷ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲೂ ಇತ್ತು. ಹಳೇ ಮಾಲೀಕರು ಪ್ರೀತಿಯಿಂದ ಹಾಕಿಸಿದ್ದರು. ನಾನು ಅದನ್ನು ನನ್ನ ಕೈಯಾರೆ ಕಿತ್ತೆ. ಕಿತ್ತಿದ್ದು ದೊಡ್ಡ ಸಾಧನೆ ಏನಲ್ಲ ಬಿಡಿ, ಅರವತ್ತು ರೂಪಾಯಿಯ ಕೆಲಸ. ಆದರೆ ಆಮೇಲೆ ಗೆಳೆಯನೊಬ್ಬ ಕೇಳಿದ ಒಂದು ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿತು. ಕಾರಿನಲ್ಲಿ ಕಿರಿಕಿರಿ ಮಾಡುವ ಎಲ್ಲವನ್ನೂ ಹೀಗೆ ಕಿತ್ತು ಹಾಕಬಹುದಾ? ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಅಂತ ತಿಳಿಯೋಕೆ ಒಂದೇ ಒಂದು ಪ್ರಶ್ನೆ ಸಾಕು: ಈ ಸದ್ದು ಯಾರಿಗೋಸ್ಕರ?

ಮೊದಲು ಕಿತ್ತ ಕಥೆ ಹೇಳಿಬಿಡ್ತೀನಿ.

ನಮ್ಮದು ಮೂವತ್ತು-ನಲವತ್ತು ಸೈಟುಗಳ ಬೀದಿ. ಮನೆಗೆ ಮನೆ ಅಂಟಿಕೊಂಡಿದೆ. ಒಬ್ಬರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಇನ್ನೊಬ್ಬರು ಲೆಕ್ಕ ಹಾಕಬಹುದು. ನನ್ನ ಕೆಲಸದ ಪಾಳಿ ಮುಗಿದು ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಬೀದಿ ಕಿರಿದು, ಗೇಟಿನೊಳಗೆ ಗಾಡಿ ಹಾಕಬೇಕಂದ್ರೆ ರಿವರ್ಸ್‌ನಲ್ಲೇ ಬರಬೇಕು, ಅದೂ ಎರಡು ಮೂರು ಸಲ ಹಿಂದೆ ಮುಂದೆ ಮಾಡಿ. ಗಾಡಿ ತಂದು ಎರಡು ದಿನ ಆಗಿತ್ತಷ್ಟೆ. ಪಕ್ಕದ ಮನೆಯಾಕೆ ಬೆಳಿಗ್ಗೆ ಹಾಲು ತರೋವಾಗ ಸಿಕ್ಕಿ, "ಅಣ್ಣ, ನೀವು ದಿನಾ ಎಷ್ಟು ಗಂಟೆಗೆ ಬರ್ತೀರ?" ಅಂದರು. ಯಾಕಮ್ಮ ಅಂತ ಕೇಳಿದೆ. "ಏನಿಲ್ಲ, ಅಮ್ಮನ್ನ ನೀವು ಬಂದ ಮೇಲೇ ಮಲಗಿಸೋಣ ಅಂತ" ಅಂದರು. ಅವರ ತಾಯಿಗೆ ಪಾರ್ಶ್ವವಾಯು. ಹಗಲೆಲ್ಲ ಮಗಳು ಕೆಲಸಕ್ಕೆ ಹೋಗ್ತಾರೆ, ರಾತ್ರಿ ಆರೈಕೆ. ಅಜ್ಜಿಗೆ ನಿದ್ದೆ ಹತ್ತೋದೇ ಕಷ್ಟ, ಒಮ್ಮೆ ಎಚ್ಚರ ಆದರೆ ಬೆಳಗಿನವರೆಗೂ ಇಬ್ಬರೂ ಎದ್ದಿರಬೇಕು.

ಆಕೆ ಒಂದು ಬಿರುಸು ಮಾತು ಆಡಿದ್ದರೂ ನನಗೆ ಇಷ್ಟು ತಟ್ಟುತ್ತಿರಲಿಲ್ಲ ಅನ್ಸುತ್ತೆ. ನನ್ನ ಗಾಡಿಯ ಹಾಡಿಗೆ ತಕ್ಕಂತೆ ತಮ್ಮ ತಾಯಿಯ ನಿದ್ದೆಯನ್ನು ಹೊಂದಿಸಿಕೊಳ್ಳೋಕೆ ಆಕೆ ತಯಾರಾಗಿದ್ದರು!

ಅವತ್ತೇ ಗಾಡಿ ತಗೊಂಡು ನಮ್ಮ ಏರಿಯಾದ ಮೆಕ್ಯಾನಿಕ್ ಹತ್ತಿರ ಹೋದೆ. "ಇದ್ಯಾಕೆ ಸಾರ್ ತೆಗೀತೀರ, ಚೆನ್ನಾಗೇ ಕೆಲ್ಸ ಮಾಡ್ತಿದೆ" ಅಂದ. ಅವನ ಮಟ್ಟಿಗೆ ಅದು ಸರಿಯೇ. ಕೆಟ್ಟಿದ್ದನ್ನು ರಿಪೇರಿ ಮಾಡೋದು ಅವನ ಕೆಲಸ, ಕೆಡದೇ ಇರೋದನ್ನು ಯಾಕೆ ಮುಟ್ಟಬೇಕು? ಅಲ್ಲಿಂದ ಒಂದು ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ. ಹೊರಗಡೆ ಹಾಕಿಸಿದ ಸಾಮಾನನ್ನು ಮುಟ್ಟೋದಿಲ್ಲ, ಬೇಕಿದ್ದರೆ ಗಾಡಿ ಬಿಟ್ಟು ಹೋಗಿ, ಹಿಂದಿನ ವೈರಿಂಗ್ ಪೂರ್ತಿ ಚೆಕ್ ಮಾಡಿ ಎರಡು ದಿನ ಬಿಟ್ಟು ಹೇಳ್ತೀವಿ ಅಂದರು. ಎರಡು ವೈರಿನ ಒಂದು ಡಬ್ಬಿಗೆ ಎರಡು ದಿನ! ಡಬ್ಬಿ ಹಾಕಿಸೋಕೆ ರಸ್ತೆ ಬದಿಯಲ್ಲಿ ಹತ್ತು ನಿಮಿಷ ಸಾಕು, ತೆಗೆಸೋಕೆ ಮಾತ್ರ ಊರೆಲ್ಲ ಅಲೀಬೇಕು. ಸರಿ, ನಾವೇ ನೋಡೋಣ ಅಂತ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತೆ.

ಕೆಲಸ ಮಾಡೋ ಮೊದಲು ಈ ಡಬ್ಬಿ ಹಾಡೋದು ಹೇಗೆ ಅಂತ ತಿಳ್ಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಗೇರ್‌ಬಾಕ್ಸ್‌ನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತೆ. ರಿವರ್ಸ್ ಗೇರ್ ಬಿದ್ದಾಗ ಆ ಸ್ವಿಚ್ ಕೂಡಿಕೊಂಡು, ಬ್ಯಾಟರಿಯ 12 ವೋಲ್ಟ್ ಹಿಂದಿನ ಬಿಳಿ ದೀಪಕ್ಕೆ ಹೋಗುತ್ತೆ. ಆ ದೀಪ ಕಾರು ಕಂಪನಿಯವರೇ ಕೊಟ್ಟಿದ್ದು. ಹಾಡಿನ ಡಬ್ಬಿ ಮಾತ್ರ ಪರಾವಲಂಬಿ. ಅದರ ಕೆಂಪು ವೈರನ್ನು ದೀಪದ ವೈರಿಗೆ ಸುತ್ತಿರುತ್ತಾರೆ, ಕಪ್ಪು ವೈರನ್ನು ಬಾಡಿಯ ಯಾವುದಾದರೂ ಬೋಲ್ಟಿಗೆ ಕಟ್ಟಿರುತ್ತಾರೆ. ದೀಪ ಹತ್ತಿದಾಗಲೆಲ್ಲ ಡಬ್ಬಿಗೂ ಊಟ. ಅಷ್ಟೇ ತಂತ್ರಜ್ಞಾನ. ಕೆಲವರು ಫ್ಯೂಸ್ ತೆಗೆದುಬಿಡಿ ಅಂತ ಸಲಹೆ ಕೊಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸ್ ತೆಗೆದರೆ ಹಾಡಿನ ಜೊತೆ ರಿವರ್ಸ್ ದೀಪವೂ ಹೋಗುತ್ತೆ, ಅದೇ ಫ್ಯೂಸಿನಲ್ಲಿ ಇನ್ನೇನೇನು ಇದೆಯೋ ಅದೂ ಹೋಗುತ್ತೆ.

ನಾನು ಮಾಡಿದ ಕ್ರಮ ಹೀಗಿದೆ, ಬೇಕಾದವರು ಬರ್ಕೊಳ್ಳಿ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದೆ. ಬಾನೆಟ್ ಎತ್ತಿ ಹತ್ತನೇ ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿದೆ. ಹೀಗೆ ಮಾಡಿದರೆ ಗಡಿಯಾರ ಮತ್ತೆ ಸೆಟ್ ಮಾಡಬೇಕಾಗುತ್ತೆ, ಕೆಲವು ಸ್ಟೀರಿಯೋಗಳು ಕೋಡ್ ಕೇಳ್ತವೆ. ಕೋಡ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಆಮೇಲೆ ಡಿಕ್ಕಿ ತೆಗೆದು ಎಡಗಡೆ ಲ್ಯಾಂಪಿನ ಹಿಂದಿದ್ದ ಹೊದಿಕೆ ಸರಿಸಿದೆ. ವೈರುಗಳ ಕಟ್ಟು ಕಾಣಿಸಿತು. ಕಂಪನಿಯವರ ವೈರುಗಳೆಲ್ಲ ಶಿಸ್ತಾಗಿ ಒಂದು ಕೊಳವೆಯೊಳಗೆ ಹೋಗಿದ್ದರೆ, ಒಂದು ಕೆಂಪು ವೈರು ಮಾತ್ರ ಮದುವೆ ಮನೆಗೆ ಕರೆಯದೆ ಬಂದ ನೆಂಟನ ಹಾಗೆ ಹೊರಗಿನಿಂದ ಬಂದು ನಡುವೆ ತೂರಿತ್ತು. ಅದೇ ಕಳ್ಳ! ದೀಪದ ವೈರಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಕೆರೆದು, ಕೆಂಪು ವೈರನ್ನು ಸುತ್ತಿ, ಮೇಲೆ ಎರಡು ಸುತ್ತು ಟೇಪು ಹಾಕಿದ್ದರು. ಟೇಪಿನ ಅಂಟು ಒಣಗಿ ತಾಮ್ರ ಹಸಿರುಗಟ್ಟಿತ್ತು. ಕೆಂಪು ವೈರು ಬಿಚ್ಚಿ, ತಾಮ್ರ ಒರೆಸಿ, ಒಳ್ಳೇ ಇನ್ಸುಲೇಷನ್ ಟೇಪನ್ನು ಎಳೆದು ಎಳೆದು ಬಿಗಿಯಾಗಿ ಸುತ್ತಿದೆ. ಬಂಪರ್ ಕೆಳಗೆ ಬಗ್ಗಿ ಎರಡು ಸ್ಕ್ರೂ ಬಿಚ್ಚಿದಾಗ ಡಬ್ಬಿ ಕೈಗೆ ಬಂತು. ಬೆಂಕಿಪೊಟ್ಟಣದ ನಾಲ್ಕರಷ್ಟು ದೊಡ್ಡದು, ತುಂಬಾ ಕೆಸರು.

ಈಗ ಮುಖ್ಯವಾದ ವಿಷಯ. ಬ್ಯಾಟರಿ ಮತ್ತೆ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ರಿವರ್ಸ್ ಗೇರ್ ಹಾಕಿ ಹಿಂದೆ ಹೋಗಿ ನೋಡಿದೆ. ಸದ್ದಿಲ್ಲ, ಸಂತೋಷ. ಆದರೆ ಎಡಗಡೆ ದೀಪ ಮಾತ್ರ ಉರೀತಿದೆ, ಬಲಗಡೆಯದು ಕತ್ತಲೆ. ನಾನು ಕೈ ಇಟ್ಟಿದ್ದು ಎಡಗಡೆ, ಬಲಗಡೆ ಮುಟ್ಟೇ ಇಲ್ಲ. ಬಲ್ಬ್ ಒತ್ತಿ ತಿರುಗಿಸಿ ಹೊರಗೆ ತೆಗೆದರೆ ಒಳಗಿನ ತಂತಿ ತುಂಡಾಗಿ ಗಾಜೆಲ್ಲ ಕಪ್ಪಾಗಿದೆ. ಎಷ್ಟು ಕಾಲದಿಂದ ಸತ್ತಿತ್ತೋ. ಅಂದರೆ ಈ ಗಾಡಿ ಹಿಂದಕ್ಕೆ ಬರುವಾಗ ಇಡೀ ಬೀದಿಗೆ ಕೇಳೋ ಹಾಗೆ ಹಾಡುತ್ತಿತ್ತು, ಆದರೆ ಓಡಿಸುವವನಿಗೆ ಹಿಂದೇನಿದೆ ಅಂತ ಕಾಣೋಕೆ ಬೇಕಾದ ಬೆಳಕು ಅರ್ಧಕ್ಕರ್ಧ ಇರಲಿಲ್ಲ! ನಲವತ್ತು ರೂಪಾಯಿಯ 21 ವ್ಯಾಟ್ ಬಲ್ಬ್ ತಂದು ಹಾಕಿದೆ, ಗಾಜು ತೊಳೆದೆ. ಟೇಪಿಗೆ ಇಪ್ಪತ್ತು. ಒಟ್ಟು ಅರವತ್ತು ರೂಪಾಯಿ, ಮುಕ್ಕಾಲು ಗಂಟೆ.

ಈ ಹಾಡಿಗೆ ಕಾನೂನಿನಲ್ಲೂ ಜಾಗವಿಲ್ಲ ಅಂತ ಎಷ್ಟು ಜನಕ್ಕೆ ಗೊತ್ತು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೇ ನಿಯಮ ಅಂತ ಒಂದಿದೆ. ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್ ಆಗಲಿ, ಕರ್ಕಶವಾದ, ಬೆಚ್ಚಿಬೀಳಿಸುವ ಸದ್ದು ಮಾಡುವ ಬೇರೆ ಯಾವುದೇ ಸಾಧನವಾಗಲಿ ವಾಹನಕ್ಕೆ ಹಾಕುವಂತಿಲ್ಲ ಅನ್ನುತ್ತೆ ಅದು. ಆಂಬುಲೆನ್ಸು, ಅಗ್ನಿಶಾಮಕ, ಪೊಲೀಸ್ ಮುಂತಾದವಕ್ಕೆ ವಿನಾಯಿತಿ ಇದೆ, ನಮಗಿಲ್ಲ. ಇನ್ನು 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. 2010ರ ತಿದ್ದುಪಡಿಯಲ್ಲಿ, ತುರ್ತು ಸಂದರ್ಭ ಬಿಟ್ಟರೆ ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಹಾರ್ನ್ ಹೊಡೆಯುವಂತೆಯೇ ಇಲ್ಲ ಅಂತಲೂ ಸೇರಿಸಿದರು. ಹಾಗಾಗಿ ಡಬ್ಬಿ ಕಿತ್ತರೆ ಗಾಡಿಯನ್ನು ಆಲ್ಟರ್ ಮಾಡಿದ ಹಾಗಲ್ಲ. ಆಲ್ಟರ್ ಆಗಿದ್ದನ್ನು ಮೊದಲಿದ್ದ ಹಾಗೆ ಮಾಡಿದ ಹಾಗೆ.

"ಅಲ್ಲ ಸ್ವಾಮಿ, ಹಿಂದೆ ಮಗು ಆಡ್ತಾ ಇದ್ದರೆ? ಹಾಡು ಕೇಳಿ ಪಕ್ಕಕ್ಕೆ ಹೋಗುತ್ತಲ್ಲ?" ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು, ಹಗುರವಾಗಿ ತಳ್ಳಿಹಾಕೋ ಹಾಗಿಲ್ಲ. ಹಿಂದಕ್ಕೆ ಬರೋ ಗಾಡಿಗೆ ಪುಟ್ಟ ಮಕ್ಕಳು ಸಿಕ್ಕ ಸುದ್ದಿಗಳನ್ನು ನಾವೆಲ್ಲ ಓದಿದ್ದೀವಿ, ಎಷ್ಟೋ ಸಲ ಓಡಿಸುತ್ತಿದ್ದವರು ಸ್ವಂತ ಮನೆಯವರೇ. ಆದರೆ ಯೋಚಿಸಿ ನೋಡಿ. ಎರಡು ವರ್ಷದ ಮಗುವಿಗೆ ಹಾಡು ಕೇಳಿದರೆ ಅದು ಓಡಿಹೋಗುತ್ತೋ, ಹಾಡು ಎಲ್ಲಿಂದ ಬರ್ತಿದೆ ಅಂತ ನೋಡೋಕೆ ಹತ್ತಿರ ಬರುತ್ತೋ? ಮಲಗಿರೋ ಬೀದಿನಾಯಿ, ಕಿವಿ ಮಂದವಾದ ತಾತ, ಸೈಕಲ್ಲು, ಗ್ಯಾಸ್ ಸಿಲಿಂಡರು, ಇವುಗಳಲ್ಲಿ ಯಾವುದು ಹಾಡು ಕೇಳಿ ಜಾಗ ಬಿಡುತ್ತೆ? ಹಾಡಿನ ಅರ್ಥ ಇಷ್ಟೇ: ನಾನು ಬರ್ತಿದ್ದೀನಿ, ನೀನು ಸರಿದುಕೋ. ನೋಡಿ ಓಡಿಸುವ ಜವಾಬ್ದಾರಿಯನ್ನು ಓಡಿಸುವವನ ತಲೆಯಿಂದ ಇಳಿಸಿ ಬೀದಿಯವರ ತಲೆಗೆ ಕಟ್ಟುತ್ತೆ ಅದು.

ಈ ವಿಷಯದಲ್ಲಿ ಸರ್ಕಾರ ಮಾಡಿದ್ದನ್ನು ಮೆಚ್ಚಲೇಬೇಕು. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ಹಿಂದೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಮಾಡಿದರು. ಬಂಪರ್‌ನಲ್ಲಿರೋ ಗುಂಡಿಗಳು ನಮ್ಮ ಕಿವಿಗೆ ಕೇಳದ ಶಬ್ದ ಬಿಟ್ಟು, ಅದು ಏನಕ್ಕಾದರೂ ತಾಗಿ ವಾಪಸ್ ಬಂತಾ ಅಂತ ನೋಡ್ತವೆ, ಬಾವಲಿ ಮಾಡೋ ಹಾಗೆ. ಏನಾದರೂ ಇದ್ದರೆ ಬೀಪ್ ಅನ್ನುತ್ತೆ. ಎಲ್ಲಿ? ಕಾರಿನ ಒಳಗೆ, ಓಡಿಸುವವನ ಕಿವಿಗೆ! ಎಚ್ಚರಿಕೆ ಯಾರಿಗೆ ತಲುಪಬೇಕೋ ಅವರಿಗೇ ತಲುಪುತ್ತೆ, ಪಕ್ಕದ ಮನೆ ಅಜ್ಜಿಗಲ್ಲ. ಹಳೇ ಕಾರಿಗೂ ಇದನ್ನು ಹೊರಗಡೆ ಹಾಕಿಸಬಹುದು. ನಾನು ಮುಂದಿನ ತಿಂಗಳೇ ಹಾಕಿಸಿದೆ. ಆದರೂ ಗಾಡಿ ಹತ್ತೋ ಮೊದಲು ಹಿಂದೆ ಒಂದು ಸುತ್ತು ಹೋಗಿ ನೋಡೋದಕ್ಕೆ ಸಮನಾದ ಸೆನ್ಸರ್ ಇನ್ನೂ ಬಂದಿಲ್ಲ.

ಸದ್ದು ಬೇಕೇ ಬೇಕಾದ ಜಾಗಗಳೂ ಇವೆ ಅನ್ನಿ. ಲಾರಿ, ಜೆಸಿಬಿ ಥರದ ದೊಡ್ಡ ಯಂತ್ರಗಳಲ್ಲಿ ಡ್ರೈವರ್‌ಗೆ ಹಿಂದೆ ಏನೂ ಕಾಣೋಲ್ಲ, ಅಲ್ಲಿ ಕೆಲಸ ಮಾಡೋ ಜನಕ್ಕೆ ಗೊತ್ತಾಗಲೇಬೇಕು. ಅಂಥವಕ್ಕೆ ಈಗ ಕೀ ಕೀ ಅನ್ನೋ ಬದಲು "ಶ್... ಶ್..." ಅನ್ನೋ ಅಲಾರ್ಮ್‌ಗಳು ಬಂದಿವೆ. ಗಾಡಿ ಹತ್ತಿರ ಇರೋರಿಗೆ ಯಾವ ದಿಕ್ಕಿನಿಂದ ಅಂತ ಬೇಗ ಗೊತ್ತಾಗುತ್ತೆ, ದೂರದ ಮನೆಗಳಿಗೆ ಅಷ್ಟು ಕೇಳಿಸೋಲ್ಲ. ಸದ್ದೇ ಇಲ್ಲದ ಎಲೆಕ್ಟ್ರಿಕ್ ಕಾರುಗಳಿಗೆ ಯುರೋಪಿನಲ್ಲಿ 2019ರಿಂದ ಹೊಸ ಮಾಡೆಲ್‌ಗಳಲ್ಲಿ, ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಮತ್ತು ರಿವರ್ಸ್‌ನಲ್ಲಿ, ಮೆಲುವಾದ ಸದ್ದು ಕಡ್ಡಾಯ ಮಾಡಿದ್ದಾರೆ. ಕಣ್ಣು ಕಾಣದವರಿಗೆ ಅದು ಬೇಕು. ಎಷ್ಟು ಬೇಕೋ ಅಷ್ಟು ಸದ್ದು, ಯಾರಿಗೆ ಬೇಕೋ ಅವರಿಗೆ ಸದ್ದು. ಇದಕ್ಕೆ ನನ್ನ ತಕರಾರಿಲ್ಲ.

ಇಷ್ಟರವರೆಗೆ ಎಲ್ಲ ಸರಿ. ಈಗ ಗೆಳೆಯನ ಪ್ರಶ್ನೆಗೆ ಬರ್ತೀನಿ.

ಅವನದು ಹೊಸ ಕಾರು. ಸೀಟ್ ಬೆಲ್ಟ್ ಹಾಕದಿದ್ದರೆ ಟಿಣ್ ಟಿಣ್ ಟಿಣ್ ಅಂತ ನಿಲ್ಲದೆ ಬಡ್ಕೊಳ್ಳುತ್ತೆ. ಇದೂ 2019ರ ಅದೇ ನಿಯಮದಲ್ಲಿ ಬಂದಿದ್ದು, ಡ್ರೈವರಿಗೂ ಪಕ್ಕದಲ್ಲಿ ಕೂತವರಿಗೂ. ಇವನು ಒಂದು ಲೋಹದ ಕ್ಲಿಪ್ ತಂದು ಬಕಲ್‌ಗೆ ಸಿಕ್ಕಿಸಿಬಿಟ್ಟಿದ್ದ. ಬೆಲ್ಟ್ ಹಾಕಿದ್ದಾರೆ ಅಂತ ಕಾರು ನಂಬುತ್ತೆ, ಸುಮ್ಮನಾಗುತ್ತೆ. ಯಾಕೋ ಹೀಗೆ ಅಂತ ಬೈದರೆ, "ಲೋ, ನೀನೂ ಸದ್ದು ಕಿತ್ತು ಹಾಕಿದೆ, ಬ್ಲಾಗಲ್ಲಿ ಬೇರೆ ಬರೀತೀನಿ ಅಂತೀಯ. ನಾನು ಮಾಡಿದ್ರೆ ತಪ್ಪಾ? ನನ್ನ ಕಾರು, ನನ್ನ ಕಿವಿ" ಅಂದ. ಒಂದು ಕ್ಷಣ ನನಗೂ ಉತ್ತರ ಹೊಳೆಯಲಿಲ್ಲ. ಮೇಲ್ನೋಟಕ್ಕೆ ಎರಡೂ ಒಂದೇ ತಾನೇ? ಕಿರಿಕಿರಿ ಆಯ್ತು, ನಾವೇ ನಿಲ್ಲಿಸಿದ್ವಿ.

ಒಂದೇ ಅಲ್ಲ. ನನ್ನ ಡಬ್ಬಿ ಬೇರೆಯವರಿಗೆ ಹೇಳ್ತಿತ್ತು, "ನೀನು ಹುಷಾರು" ಅಂತ. ಅವನ ಟಿಣ್ ಟಿಣ್ ಅವನಿಗೇ ಹೇಳ್ತಿದೆ, "ನೀನು ಹುಷಾರು" ಅಂತ. ಮೊದಲನೆಯದನ್ನು ನಿಲ್ಲಿಸಿದರೆ ಹೊರೆ ನನ್ನ ಮೇಲೆ ಬರುತ್ತೆ, ನಾನು ಹೆಚ್ಚು ನೋಡಿ ಓಡಿಸಬೇಕು. ಎರಡನೆಯದನ್ನು ನಿಲ್ಲಿಸಿದರೆ ಹೊರೆ ಯಾರ ಮೇಲೆ? ಅವನ ಹೆಂಡತಿ ಮಕ್ಕಳ ಮೇಲೆ. ಏರ್‌ಬ್ಯಾಗ್ ಇದೆಯಲ್ಲ ಅಂತ ಅವನ ವಾದ. ಆದರೆ ಏರ್‌ಬ್ಯಾಗ್ ಇರೋದೇ ಬೆಲ್ಟಿಗೆ ಜೊತೆಯಾಗಿ. ಸ್ಟೀರಿಂಗ್ ಮೇಲೆ ಬರೆದಿರೋ ಎಸ್‌ಆರ್‌ಎಸ್‌ನಲ್ಲಿ ಮೊದಲ ಎಸ್ ಅಕ್ಷರದ ಅರ್ಥವೇ ಪೂರಕ ಅಂತ. ಉಪ್ಪಿನಕಾಯಿ ಇದೆ ಅಂತ ಅನ್ನ ಬಿಡೋಕಾಗುತ್ತಾ?

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ದರು. ಆಮೇಲೆ ಈ ಕ್ಲಿಪ್ ವಿಷಯ ದೊಡ್ಡದಾಯ್ತು. ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು, ತಾವು ಕೂತ ನಾಲ್ವರು ಮುಖ್ಯಮಂತ್ರಿಗಳ ಕಾರುಗಳಲ್ಲೂ ಇಂಥ ಕ್ಲಿಪ್ ನೋಡಿದ್ದಾಗಿ ಆಗ ಹೇಳಿದ್ದರು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಗೆ ಇವನ್ನು ಮಾರಬಾರದು ಅಂತ ಆದೇಶ ಮಾಡಿತು. ಪಟ್ಟಿಯಿಂದ ತೆಗೆಸಿದ್ದು ಎಷ್ಟು ಗೊತ್ತೇ? 13,118 ಮಾರಾಟದ ಜಾಹೀರಾತು! ಕಾರು ಬಡ್ಕೊಳ್ಳೋದನ್ನು ನಿಲ್ಲಿಸೋಕೆ ನಾವು ಎಷ್ಟು ಕಷ್ಟ ಪಡ್ತೀವಿ ನೋಡಿ. ಬೆಲ್ಟ್ ಎಳೆದು ಹಾಕೋಕೆ ಮೂರು ಸೆಕೆಂಡ್ ಸಾಕು.

ಇದು ನಮ್ಮ ದೇಶದ ರೋಗ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ 1974ರ ಮಾಡೆಲ್ ಕಾರುಗಳಿಗೆ ಒಂದು ವ್ಯವಸ್ಥೆ ತಂದಿದ್ದರು. ಮುಂದೆ ಕೂತವರು ಬೆಲ್ಟ್ ಹಾಕದಿದ್ದರೆ ಕಾರು ಸ್ಟಾರ್ಟೇ ಆಗೋಲ್ಲ. ಪಕ್ಕದ ಸೀಟಿನ ಮೇಲೆ ಸಾಮಾನಿನ ಚೀಲ ಇಟ್ಟರೂ ಯಾರೋ ಕೂತಿದ್ದಾರೆ ಅಂತ ಕಾರು ಹಟ ಹಿಡೀತಿತ್ತು. ಜನ ರೊಚ್ಚಿಗೆದ್ದರು. ಎಷ್ಟೋ ಜನ ಆ ವೈರನ್ನೇ ತಪ್ಪಿಸಿಬಿಟ್ಟರು. ಕೊನೆಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಆ ಕಡ್ಡಾಯವನ್ನು ತೆಗೆದುಹಾಕಿತು, ಎಚ್ಚರಿಕೆಯ ಸದ್ದನ್ನೂ ಎಂಟು ಸೆಕೆಂಡಿಗಿಂತ ಹೆಚ್ಚು ಕಡ್ಡಾಯ ಮಾಡೋ ಹಾಗಿಲ್ಲ ಅಂತ ಹೇಳಿತು. ಒಳ್ಳೇ ಉದ್ದೇಶದ ಯಂತ್ರವೂ ಮಿತಿಮೀರಿ ಪೀಡಿಸಿದರೆ ಜನ ಯಂತ್ರದ ಜೊತೆ ಉದ್ದೇಶವನ್ನೂ ಕಿತ್ತು ಬಿಸಾಡ್ತಾರೆ. ಕಾರು ಮಾಡೋರು ಇದನ್ನು ಮರೀಬಾರದು.

ಗೆಳೆಯನ ಅಸಲಿ ಸಮಸ್ಯೆ ಏನು ಅಂತ ವಿಚಾರಿಸಿದೆ. ಅವನು ಪಕ್ಕದ ಸೀಟಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ತರಕಾರಿ ಚೀಲ ಇಡ್ತಾನೆ. ಸೀಟಿನೊಳಗಿನ ಸೆನ್ಸರ್‌ಗೆ ಮನುಷ್ಯ ಯಾರು, ಕುಂಬಳಕಾಯಿ ಯಾವುದು ಅಂತ ಗೊತ್ತಾಗೋಲ್ಲ, ಬಡ್ಕೊಳ್ಳುತ್ತೆ. ಅದರಿಂದ ಬೇಸತ್ತು ಕ್ಲಿಪ್ ತಂದವನು ಹಾಗೇ ತನ್ನ ಕಡೆಗೂ ಒಂದು ಸಿಕ್ಕಿಸಿದ್ದ. ಚೀಲ ಕೆಳಗಿಡೋ ಅಂದೆ. ಕುಂಬಳಕಾಯಿಗೆ ಕಾಲು ಚಾಚೋಕೆ ಅಲ್ಲಿ ಬೇಕಾದಷ್ಟು ಜಾಗ ಇದೆ :-) ಇದೂ ಒಂದು ರಿಪೇರಿಯೇ ಅಲ್ಲವೇ? ಸ್ಪ್ಯಾನರೂ ಬೇಡ, ಟೇಪೂ ಬೇಡ.

ಇನ್ನು ಮೂರನೇ ಥರದ ಸದ್ದು ಒಂದಿದೆ. ಅದರ ಬಗ್ಗೆ ನನಗೇ ಸಿಟ್ಟಿದೆ. ಅದೇ 2019ರ ನಿಯಮದ ಪ್ರಕಾರ ವೇಗ 80 ದಾಟಿದರೆ ಕಾರು ಆಗಾಗ ಬೀಪ್ ಅನ್ನಬೇಕು, 120 ದಾಟಿದರೆ ಬಿಡದೆ ಬಡ್ಕೋಬೇಕು. ಸರಿ. ಆದರೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳ ಮಿತಿ 100. ಗೆಳೆಯನ ಕಾರಿನಲ್ಲಿ ನಿಯಮ ಪಾಲಿಸಿಕೊಂಡು ತೊಂಬತ್ತರಲ್ಲಿ ಹೋದರೂ ಮಂಡ್ಯ ಬರೋವರೆಗೆ ಬೀಪ್, ಮಂಡ್ಯ ದಾಟಿದ ಮೇಲೂ ಬೀಪ್. ತಪ್ಪು ಮಾಡದವನಿಗೂ ಬೈಯುವ ಮೇಷ್ಟ್ರ ಥರ. ಹೀಗಾದಾಗ ಏನಾಗುತ್ತೆ ಅಂದ್ರೆ, ನಿಜವಾಗಿ ಕೇಳಿಸ್ಕೊಳ್ಳಬೇಕಾದ ಎಚ್ಚರಿಕೆಗೂ ಕಿವಿ ಮಂಕಾಗುತ್ತೆ. ಹಾಗಂತ ಇದನ್ನು ಕೀಳಬಹುದಾ? ಬೇಡ ಅನ್ನೋದೇ ನನ್ನ ಉತ್ತರ. ಆ ಸದ್ದು ಡ್ಯಾಶ್‌ಬೋರ್ಡ್‌ನೊಳಗಿನ ಕಂಪ್ಯೂಟರಿನಿಂದ ಬರುತ್ತೆ, ಅಲ್ಲಿಗೆ ಕೈ ಹಾಕಿದರೆ ಇನ್ಯಾವ ಎಚ್ಚರಿಕೆ ಸಾಯುತ್ತೋ ಹೇಳೋಕಾಗೋಲ್ಲ. ಇಲ್ಲಿ ಕೆಟ್ಟಿರೋದು ವೈರಲ್ಲ, ನಿಯಮ. ರಸ್ತೆಯ ಮಿತಿಗೆ ತಕ್ಕ ಹಾಗೆ ಎಚ್ಚರಿಕೆ ಇರಲಿ ಅಂತ ಬಾಯಿಬಿಟ್ಟು ಕೇಳಬೇಕು, ಬರೀಬೇಕು. ನಿಯಮವನ್ನು ರಿಪೇರಿ ಮಾಡೋ ಸ್ಪ್ಯಾನರ್ ಅಂದ್ರೆ ಅದೇ.

ಒಟ್ಟಿನಲ್ಲಿ ನನ್ನ ಲೆಕ್ಕ ಇಷ್ಟು. ನನ್ನ ಗಾಡಿಯಿಂದ ಬೇರೆಯವರಿಗೆ ಕಿರಿಕಿರಿ ಆಗ್ತಿದ್ದರೆ, ನಾಳೆ ಅನ್ನದೆ ಇವತ್ತೇ ಕೀಳಬೇಕು. ನನ್ನ ಜೀವ ಕಾಯೋಕೆ ನನಗೇ ಕಿರಿಕಿರಿ ಮಾಡ್ತಿದ್ದರೆ, ಸದ್ದಿನ ಬಾಯಿ ಮುಚ್ಚಿಸದೆ ಸದ್ದಿಗೆ ಕಾರಣ ಏನು ಅಂತ ನೋಡಬೇಕು. ಕಿರಿಕಿರಿಗೆ ಅರ್ಥವೇ ಇಲ್ಲದಿದ್ದರೆ ಮೊದಲು ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ಓದಬೇಕು. ರಿಮೋಟ್ ಒತ್ತಿದಾಗ ಬರೋ ಕುಂಯ್ ಸದ್ದು, ತಾನೇ ಲಾಕ್ ಆಗೋ ಬಾಗಿಲು, ಇಂಥವನ್ನು ಎಷ್ಟೋ ಗಾಡಿಗಳಲ್ಲಿ ಸೆಟ್ಟಿಂಗ್‌ನಲ್ಲೇ ಬದಲಾಯಿಸಬಹುದು. ಆ ಪುಸ್ತಕ ಗ್ಲವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಹೊಸದಾಗೇ ಇರುತ್ತೆ, ಗಾಡಿ ಹಳೇದಾದರೂ.

ನಾವೇ ಮಾಡೋದು ಅಂದ ಮೇಲೆ ಎಲ್ಲಿ ನಿಲ್ಲಿಸಬೇಕು ಅಂತಲೂ ಗೊತ್ತಿರಬೇಕು. ಹಳದಿ ಬಣ್ಣದ ವೈರು, ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ ತಗೊಳ್ಳಿ. ಸಾಮಾನ್ಯವಾಗಿ ಅದು ಏರ್‌ಬ್ಯಾಗ್‌ಗೆ ಹೋಗೋದು. ಬ್ರೇಕು, ಸ್ಟೀರಿಂಗು ನಮ್ಮ ಭಾನುವಾರದ ಪ್ರಯೋಗಕ್ಕಲ್ಲ. ಹತ್ತು ಆಂಪಿಯರ್‌ನ ಕೆಂಪು ಫ್ಯೂಸ್ ಪದೇ ಪದೇ ಹೋಗ್ತಿದ್ದರೆ ಅದರ ಜಾಗಕ್ಕೆ ಇಪ್ಪತ್ತರ ಹಳದಿ ಫ್ಯೂಸ್ ಹಾಕಿ ಜಾಣ್ಮೆ ತೋರಿಸಬೇಡಿ, ಫ್ಯೂಸ್ ಉಳಿದು ವೈರು ಸುಡುತ್ತೆ. ಗಾಡಿ ವಾರಂಟಿಯಲ್ಲಿದ್ದರೆ ಏನು ಮುಟ್ಟಬಹುದು ಅಂತ ಮೊದಲು ಓದಿ.

ಇಷ್ಟು ಎಚ್ಚರಿಕೆ ಹೇಳಿದ ಮೇಲೂ, ಮಾಡಿ ಅಂತಲೇ ಹೇಳ್ತೀನಿ. ನಮ್ಮ ಅಪ್ಪಂದಿರ ಕಾಲದಲ್ಲಿ ಸ್ಕೂಟರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಉಜ್ಜಿ ಹಾಕೋದು ಹಲ್ಲುಜ್ಜಿದಷ್ಟೇ ಸಹಜವಾಗಿತ್ತು. ಈಗ ಬಾನೆಟ್ ಎತ್ತೋ ಲಿವರ್ ಎಲ್ಲಿದೆ ಅಂತ ಗೊತ್ತಿಲ್ಲದೆ ಐದು ವರ್ಷ ಕಾರು ಓಡಿಸೋರಿದ್ದಾರೆ. ನಮ್ಮ ವಸ್ತುವನ್ನು ನಾವೇ ರಿಪೇರಿ ಮಾಡಿಕೊಳ್ಳೋ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ಒಂದು ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಮೊಬೈಲು, ಮನೆಬಳಕೆ ವಸ್ತು, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರ ಪಟ್ಟಿಯಲ್ಲಿವೆ. ಒಳ್ಳೇದೇ. ಆದರೆ ಹಕ್ಕು ಕಾಗದದ ಮೇಲೆ ಬಂದರೆ ಸಾಲದು, ಕೈಗೂ ಬರಬೇಕು. ಡಬ್ಬಿಯನ್ನು ಬೇರೆ ಯಾರೋ ಕಿತ್ತಿದ್ದರೆ ಸತ್ತ ಬಲ್ಬು ನನಗೆ ಕಾಣುತ್ತಲೇ ಇರಲಿಲ್ಲ. ಕೈ ಹಾಕಿದವನಿಗೆ ಮಾತ್ರ ಕೆಲವು ಸಂಗತಿ ಕಾಣೋದು.

ಆ ಗೆಳೆಯ ಡ್ರೈವರ್ ಕಡೆಯ ಕ್ಲಿಪ್ ತೆಗೆದಿದ್ದಾನೆ. ಪಕ್ಕದ ಸೀಟಿನದು ಇನ್ನೂ ಇದೆ, ಚರ್ಚೆ ಜಾರಿಯಲ್ಲಿದೆ. ನಿಮ್ಮ ಗಾಡಿ ಹಿಂದಕ್ಕೆ ಬರುವಾಗ ಏನು ಹಾಡುತ್ತೆ? ಇವತ್ತು ರಾತ್ರಿ ಒಮ್ಮೆ ಬೇರೆಯವರ ಕೈಲಿ ಗಾಡಿ ಕೊಟ್ಟು, ನೀವು ಪಕ್ಕದ ಮನೆಯ ಕಿಟಕಿ ಹತ್ತಿರ ನಿಂತು ಕೇಳಿ. ಹಾಗೇ ಎರಡೂ ರಿವರ್ಸ್ ದೀಪ ಉರಿಯುತ್ತಾ ನೋಡಿ. ಕೀಳೋಕೆ ಹೊರಟು ಎಲ್ಲಾದರೂ ಸಿಕ್ಕಿಹಾಕ್ಕೊಂಡರೆ ಕಾಮೆಂಟಿನಲ್ಲಿ ಕೇಳಿ. ಗೊತ್ತಿದ್ದಷ್ಟು ಹೇಳ್ತೀನಿ, ಗೊತ್ತಿಲ್ಲದ್ದನ್ನು ಇಲ್ಲಿ ಓದೋ ಬೇರೆ ಯಾರಾದರೂ ಹೇಳ್ತಾರೆ.